ಕೋಡಿಯ ಕೆಳಗೆ ಯಾರಿದ್ದಾರೆ?

ಪಂಚಾಯಿತಿ ಕಚೇರಿಯಲ್ಲಿ 'ಸ್ಪಿಲ್‌ಓವರ್' ಎಂದರೆ ಹಿಂದಿನ ವರ್ಷ ಮುಗಿಯದೆ ಈ ವರ್ಷಕ್ಕೆ ಉಳಿದ ಕಾಮಗಾರಿ. ಅರ್ಥಶಾಸ್ತ್ರಜ್ಞರಿಗೆ, ಒಂದು ವ್ಯವಹಾರದ ಲಾಭ ಅಥವಾ ನಷ್ಟ ಅದರಲ್ಲಿ ಪಾಲೇ ಇಲ್ಲದವರಿಗೆ ತಟ್ಟುವುದು. ರೋಗತಜ್ಞರಿಗೆ, ಪ್ರಾಣಿಗಳ ವೈರಾಣು ಮನುಷ್ಯರಿಗೆ ದಾಟುವುದು. ಮೂರರ ಹಿಂದೆಯೂ ಇರುವುದು ತುಂಬಿ ಹೊರಚೆಲ್ಲುವ ಚಿತ್ರ. ಕೊನೆಯ ಎರಡು ಅರ್ಥಗಳಿಗೆ ನಾವು ಸಾಮಾನ್ಯವಾಗಿ 'ಅಡ್ಡಪರಿಣಾಮ' ಎಂದು ಬರೆದು ಮುಂದೆ ಸಾಗುತ್ತೇವೆ. ನನ್ನ ತಕರಾರು ಅಲ್ಲಿದೆ.

ಅಡ್ಡಪರಿಣಾಮ ಔಷಧಿಗೆ ಸಂಬಂಧಿಸಿದ ಮಾತು. ಮಾತ್ರೆ ನುಂಗಿದವರಿಗೇ ಗುಣ, ಅವರಿಗೇ ಹೊಟ್ಟೆಯುರಿ. ಸ್ಪಿಲ್‌ಓವರ್‌ನಲ್ಲಿ ತುಂಬಿಸಿದವರು ಒಬ್ಬರು, ನೆನೆಯುವವರು ಮತ್ತೊಬ್ಬರು. ಈ ವ್ಯತ್ಯಾಸವನ್ನು ಅಳಿಸುವ ಪದ ಹೊಣೆಯನ್ನೂ ಅಳಿಸುತ್ತದೆ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು; ಬೆನ್ನಿಗೇ ಜನ ಜ್ವರ ಹಿಡಿದು ಮಲಗಿದರು. ಉಣುಗು ಕಚ್ಚಿ ಹರಡುವ ಈ ಮಂಗನ ಕಾಯಿಲೆಗೂ, ಕಾಡು ಕಡಿದು ಹೊಲ ಮಾಡಿದ್ದಕ್ಕೂ, ಅಂಚಿನಲ್ಲಿ ದನ ಮೇಯಿಸಿದ್ದಕ್ಕೂ ನಂಟಿದೆ ಎಂಬುದು ಸಂಶೋಧಕರ ವಿವರಣೆ. ಕಾಡು ಕರಗಿದ್ದರ ಲಾಭ ಯಾರಿಗೇ ಸೇರಿರಲಿ, ಸೌದೆ–ಸೊಪ್ಪಿಗೆ ಹೋದವರು ಜೀವ ತೆತ್ತರು.

ಬೆಂಗಳೂರಿನ ಬೆಳ್ಳಂದೂರು ಕೆರೆಗೆ ನಗರದ ಕೊಳಚೆ ಸೇರಿತು. 2015ರಲ್ಲಿ ಯಮಲೂರು ಕೋಡಿಯ ಬಳಿ ನೊರೆಗೆ ಬೆಂಕಿ ಹೊತ್ತಿತು. ಆ ನೀರು ವರ್ತೂರು ಕೆರೆಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ ಸೇರಿ, ಹೊಸೂರು ಬಳಿಯ ಕೆಳವರಪಳ್ಳಿ ಜಲಾಶಯದವರೆಗೂ ನೊರೆಯನ್ನು ಒಯ್ದಿತು. ಅಲ್ಲಿನ ರೈತರು ಬೆಂಗಳೂರಿನ ಸ್ನಾನದ ಮನೆಗಳಲ್ಲಿ ಸಾಬೂನು ಹಚ್ಚಿಕೊಂಡವರಲ್ಲ.

ಹೊರಚೆಲ್ಲುವುದೆಲ್ಲ ಕೆಟ್ಟದ್ದಲ್ಲ. ಎಚ್‌ಎಂಟಿಯಂಥ ಸಾರ್ವಜನಿಕ ಉದ್ದಿಮೆಗಳಲ್ಲಿ ಪಳಗಿದ ಕೈಗಳು ಬೆಂಗಳೂರಿನ ಎಷ್ಟೋ ಸಣ್ಣ ವರ್ಕ್‌ಶಾಪ್‌ಗಳಿಗೆ ಬಲವಾದವು. ಆದರೆ ಒಳಿತು ಹರಿದಾಗ ಹಕ್ಕು ಹೇಳಲು ಹಲವರು ಬರುತ್ತಾರೆ. ಕೆಡುಕು ಹರಿದಾಗ 'ಹೀಗಾಗುತ್ತದೆಂದು ಅಂದುಕೊಂಡಿರಲಿಲ್ಲ' ಎಂಬ ಉತ್ತರ ಮಾತ್ರ ಸಿಗುತ್ತದೆ.

ಉದ್ದೇಶಿಸದಿರುವುದು ಬೇರೆ, ಊಹಿಸಲಾಗದಿರುವುದು ಬೇರೆ. ಇದನ್ನು ನಮ್ಮ ಕೆರೆ ಕಟ್ಟಿದವರು ತಿಳಿದಿದ್ದರು. ಕೆರೆ ತುಂಬಿ ಹರಿಯಲಿ ಎಂದು ಯಾರೂ ಏರಿ ಹಾಕಲಿಲ್ಲ. ನೀರು ನಿಲ್ಲಲಿ ಎಂದೇ ಹಾಕಿದರು. ಆದರೂ ಏರಿಯ ಜೊತೆಗೇ ಕೋಡಿ ಕಟ್ಟಿದರು, ಮಿಕ್ಕ ನೀರನ್ನು ಕಾಲುವೆಯಲ್ಲಿ ಕೆಳಗಿನ ಕೆರೆಗೆ ದಾಟಿಸಿದರು. ಅದಕ್ಕೇ ಕೋಡಿ ಬಿದ್ದ ದಿನ ಊರಿಗೆ ಹಬ್ಬ. ಕೋಡಿಯಿಲ್ಲದ ಏರಿ ಒಡೆದರೆ ಊರಿಗೇ ಕೇಡು.

ಹಾಗಾಗಿ ನಾನು ಈ ಪರಿಣಾಮಗಳಿಗೆ 'ಕೋಡಿ ಪರಿಣಾಮ' ಎಂಬ ಮಾತನ್ನು ಸೂಚಿಸುತ್ತೇನೆ. ಕೋಡಿ ಎಂದ ಕೂಡಲೇ ಅದರ ಕೆಳಗೆ ಯಾರಿದ್ದಾರೆ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಕೇಳಬೇಕಾದ ಪ್ರಶ್ನೆಯೂ ಅದೇ.

ಇಂಥ ನಷ್ಟಕ್ಕೆ ಕಾರಣರಾದವರ ಮೇಲೆ ತೆರಿಗೆ ಹಾಕಬೇಕೆಂದು ಅರ್ಥಶಾಸ್ತ್ರಜ್ಞ ಪಿಗೂ 1920ರಲ್ಲೇ ವಾದಿಸಿದ್ದರು. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟುವ ಪಾಲಾರ್ ನದಿಯನ್ನು ತಮಿಳುನಾಡಿನ ಚರ್ಮ ಹದಮಾಡುವ ಕಾರ್ಖಾನೆಗಳು ಕೆಡಿಸಿದ ಪ್ರಕರಣದಲ್ಲಿ, 1996ರಲ್ಲಿ ಸುಪ್ರೀಂ ಕೋರ್ಟ್ ಎರಡು ತತ್ವಗಳನ್ನು ಈ ನೆಲದ ಕಾನೂನಿನ ಭಾಗವೆಂದಿತು: ಕೆಡಿಸಿದವರೇ ಭರಿಸಬೇಕು, ಕೆಡುವ ಮೊದಲೇ ಎಚ್ಚರ ವಹಿಸಬೇಕು. ಎರಡನೆಯದು ಕೋಡಿ ಕಟ್ಟುವವರ ವಿವೇಕವೇ.

ಇನ್ನು ಮುಂದೆ ರಸ್ತೆ, ಗಣಿ, ಬಡಾವಣೆ ಯಾವುದೇ ಇರಲಿ, ಯೋಜನಾ ವರದಿಯಲ್ಲಿ ಫಲಾನುಭವಿಗಳ ಪಟ್ಟಿಯ ಪಕ್ಕದಲ್ಲೇ ಕೋಡಿಯ ಕೆಳಗಿನ ಊರುಗಳ ಪಟ್ಟಿಯೂ ಇರಬೇಕು. ಮಂಜೂರಾತಿಗೆ ಮುನ್ನ ಆ ಊರುಗಳ ಗ್ರಾಮಸಭೆಗಳಲ್ಲಿ ಅದನ್ನು ಓದಿ ಹೇಳಬೇಕು.