ಅಂಚೆಮನೆಯ ಬಾಗಿಲು ತೆರೆಯದಿದ್ದರೆ

ಯಳಂದೂರು ತಾಲ್ಲೂಕಿನ ಅಗರದಲ್ಲಿ ಒಂದು ಬೆಳಿಗ್ಗೆ ಅಂಚೆಮನೆಯ ಬಾಗಿಲು ತೆರೆಯಲಿಲ್ಲವೆನ್ನಿ. ಊರಿನವರು ಕಟ್ಟಡ ಕೆಡವಲು ಹೊರಡುವುದಿಲ್ಲ. ಬೀಗ ತುಕ್ಕು ಹಿಡಿದಿದೆಯೋ, ಕೀಲಿಕೈ ಬದಲಾಗಿದೆಯೋ, ಒಳಗಿನಿಂದ ಯಾರಾದರೂ ಚಿಲಕ ಹಾಕಿದ್ದಾರೋ ಎಂದು ನೋಡುತ್ತಾರೆ. ಆದರೆ ಲಿನಕ್ಸ್ ಗಣಕಯಂತ್ರದಲ್ಲಿ ಇ-ಮೇಲ್ ಸರ್ವರ್ ಶುರುವಾಗದಿದ್ದರೆ, ಹೊಸದಾಗಿ ಕಲಿಯುವ ವಿದ್ಯಾರ್ಥಿ ಎಲ್ಲವನ್ನೂ ಅಳಿಸಿ ಮತ್ತೆ ಸ್ಥಾಪಿಸಲು ಹೊರಡುತ್ತಾನೆ. ರವಾನೆಗೆ ಕಾದಿರುವ ಪತ್ರಗಳು ಅದೇ ಯಂತ್ರದಲ್ಲಿರುತ್ತವೆ. ಅವಸರದಲ್ಲಿ ಅವೂ ಅಳಿಸಿಹೋಗಬಹುದು. ಅವುಗಳಲ್ಲಿ ಯಾರದೋ ಕೆಲಸದ ಅರ್ಜಿಯೂ ಇರಬಹುದು.

ಲಿನಕ್ಸ್‌ನಲ್ಲಿ ಹೆಚ್ಚು ಬಳಕೆಯಲ್ಲಿರುವ ಅಂಚೆ ತಂತ್ರಾಂಶಗಳಲ್ಲಿ ಪೋಸ್ಟ್‌ಫಿಕ್ಸ್ ಒಂದು. ಐಬಿಎಂ ಸಂಶೋಧನಾ ಕೇಂದ್ರದಲ್ಲಿದ್ದಾಗ ವೀಟ್ಸೆ ವೆನೆಮಾ ಬರೆದ ಇದು 1998ರಲ್ಲಿ ಸಾರ್ವಜನಿಕರಿಗೆ ದೊರೆಯಿತು. ಇದಕ್ಕೆ ಹಣ ಕೊಡಬೇಕಿಲ್ಲ. ಮನೆಯ ಹಳೆಯ ಕಂಪ್ಯೂಟರಿನಲ್ಲೂ ಅಭ್ಯಾಸ ಮಾಡಬಹುದು.

ಸರ್ವರ್ ಏಳದಿದ್ದರೆ ಮೊದಲು ಅದರ ದಿನಚರಿ, ಅಂದರೆ ಲಾಗ್ ಕಡತ, ಓದಬೇಕು. ಇಂದಿನ ಹೆಚ್ಚಿನ ಲಿನಕ್ಸ್‌ಗಳಲ್ಲಿ ‘ಜರ್ನಲ್‌ಸಿಟಿಎಲ್’ ಆದೇಶ ಇದನ್ನು ತೋರಿಸುತ್ತದೆ. ‘ಫೇಟಲ್’ ಎಂಬ ಪದವಿರುವ ಸಾಲನ್ನು ಹುಡುಕಬೇಕು. ಅಂಥ ಸಾಲುಗಳು ಹಲವಿದ್ದರೆ ಮೊದಲನೆಯದರಿಂದ ಆರಂಭಿಸುವುದು ಲೇಸು. ಉಳಿದವು ಹಲವು ಸಲ ಅದರ ಪರಿಣಾಮ ಮಾತ್ರ.

‘ಅಡ್ರೆಸ್ ಆಲ್‌ರೆಡಿ ಇನ್ ಯೂಸ್’ ಎಂದಿದ್ದರೆ, 25ನೆಯ ಪೋರ್ಟಿನಲ್ಲಿ ಬೇರೆ ತಂತ್ರಾಂಶ ಕುಳಿತಿದೆ ಎಂದರ್ಥ. ಸರ್ವರ್‌ಗಳು ಪರಸ್ಪರ ಪತ್ರ ಸಾಗಿಸುವ ಬಾಗಿಲು ಅದು. ಸೆಂಡ್‌ಮೇಲ್ ಅಥವಾ ಎಕ್ಸಿಮ್ ಮೊದಲೇ ಓಡುತ್ತಿದ್ದರೆ ಪೋಸ್ಟ್‌ಫಿಕ್ಸ್‌ಗೆ ಅಲ್ಲಿ ಜಾಗವಿಲ್ಲ. ‘ಎಸ್‌ಎಸ್’ ಆದೇಶದಿಂದ ಅಲ್ಲಿರುವವರು ಯಾರೆಂದು ತಿಳಿದು, ಬೇಡವಾದುದನ್ನು ನಿಲ್ಲಿಸಿದರೆ ಸಾಕು.

ಕಡತಗಳ ಒಡೆತನ ಅಥವಾ ಅನುಮತಿ ತಪ್ಪಿದ್ದರೆ ‘ಪೋಸ್ಟ್‌ಫಿಕ್ಸ್ ಚೆಕ್’ ಆದೇಶ ಹೇಳುತ್ತದೆ. ಅದು ಏನೂ ಹೇಳದೆ ಮುಗಿದರೆ, ಅದರ ಕಣ್ಣಿಗೆ ದೋಷ ಬಿದ್ದಿಲ್ಲವೆಂದು ತಿಳಿಯಬೇಕು.

ಇನ್ನೊಂದು ದೋಷ ಕಣ್ಣಿಗೆ ಸುಲಭವಾಗಿ ಕಾಣದು. ‘ಮೇನ್.ಸಿಎಫ್’ ಎಂಬ ಸಂರಚನಾ ಕಡತದಲ್ಲಿ ಸಾಲಿನ ಆರಂಭಕ್ಕೆ ಖಾಲಿ ಜಾಗ ಬಿಟ್ಟರೆ, ಪೋಸ್ಟ್‌ಫಿಕ್ಸ್ ಅದನ್ನು ಹಿಂದಿನ ಸಾಲಿನ ಮುಂದುವರಿಕೆ ಎಂದೇ ಓದುತ್ತದೆ. ಒಂದು ಸ್ಪೇಸ್ ಕೀಲಿ ಒತ್ತಿದ್ದಕ್ಕೆ ಇಡೀ ಅಂಚೆ ನಿಲ್ಲಬಹುದು! ಆದ್ದರಿಂದ ತಿದ್ದುವ ಮುನ್ನ ಆ ಕಡತದ ಪ್ರತಿ ತೆಗೆದಿಡಬೇಕು.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದನ್ನು ನೋಟ್‌ಬುಕ್ಕಿನಲ್ಲಿ ಬರೆದು, ಮತ್ತೆ ಚಾಲೂ ಮಾಡಿ ನೋಡಬೇಕು. ಐದು ಕಡೆ ಒಟ್ಟಿಗೆ ತಿದ್ದಿದವನಿಗೆ ಸರ್ವರ್ ಎದ್ದರೂ ಯಾವುದರಿಂದ ಎದ್ದಿತೆಂದು ತಿಳಿಯದು. ಮುಂದಿನ ಸಲ ಅವನು ಮೊದಲಿನಷ್ಟೇ ಅಸಹಾಯಕ.

ಮಗ ಅಥವಾ ಮಗಳು ಅರ್ಧ ಗಂಟೆ ಏನೂ ಟೈಪ್ ಮಾಡದೆ ಪರದೆಯನ್ನೇ ನೋಡುತ್ತ ಕುಳಿತಿದ್ದರೆ ಅಪ್ಪ ಅಮ್ಮ ಗದರಬೇಕಾಗಿಲ್ಲ. ಯಂತ್ರ ಹೇಳುತ್ತಿರುವುದನ್ನು ಓದುತ್ತಿರಬಹುದು. ಕಲಿಕೆ ನಡೆಯುವುದು ಆಗಲೇ.