ಅಕಾರಾದಿಯೂ ಯಂತ್ರವೂ

ಕಳೆದ ವರ್ಷ ನಮ್ಮ ಆಲ್ದೂರಿನ ಕಡೆಯ ಒಂದು ಕಚೇರಿಯ ಗೋಡೆಗೆ ಸಹಾಯಧನದ ಪಟ್ಟಿಯನ್ನು ಅಂಟಿಸಿದ್ದರು. ತೋಟದ ಕೆಲಸ ಮುಗಿಸಿ ಅದನ್ನು ನೋಡಿಬಂದ ನಮ್ಮ ತಂದೆಯವರು, “ನಮ್ಮ ಹೆಸರಿಲ್ಲ ಕಣಪ್ಪ” ಎಂದು ಸುಮ್ಮನಾದರು. ಅವರು ಓದಿದ್ದು ಮೂರನೆಯ ತರಗತಿ. ಆದರೆ ವರ್ಣಮಾಲೆಯನ್ನು ಮರೆತವರಲ್ಲ. ಅವರ ಹೆಸರಿನ ಮೊದಲಕ್ಷರ ‘ಕಾ’, ಎರಡನೆಯದು ‘ಳ’. ವರ್ಣಮಾಲೆಯಲ್ಲಿ ‘ಳ’ ಕಡೆಯದಷ್ಟೆ. ಆದುದರಿಂದ ‘ಕಾಶಿ’ ಎಂದು ಮೊದಲಾಗುವ ಹೆಸರುಗಳ ಕೆಳಗೆ ಹುಡುಕಿದ್ದರು. ಮರುದಿನ ನಾನು ಹೋಗಿ ನೋಡಲು, ಹೆಸರು ಅವುಗಳಿಗಿಂತ ಎಷ್ಟೋ ಮೇಲೆಯೇ ಇತ್ತು!

ಇದಕ್ಕೆ ಕಾರಣವುಂಟು. ಗಣಕಯಂತ್ರಕ್ಕೆ ಅಕ್ಷರವೆಂದರೆ ಒಂದು ಸಂಖ್ಯೆ. 1988ರ ಇಸ್ಕಿ ಸಂಕೇತದಲ್ಲಿ ಭಾರತದ ಹಲವು ಲಿಪಿಗಳಿಗೆ ಒಂದೇ ಅಚ್ಚು ಹಾಕಿ, ‘ಲ’ದ ಪಕ್ಕದಲ್ಲಿಯೇ ‘ಳ’ವನ್ನು ಕೂರಿಸಿದರು. ಲಿಪಿಯಿಂದ ಲಿಪಿಗೆ ಬದಲಾಯಿಸಲು ಅದು ಅನುಕೂಲವೇ. 1991ರ ಯೂನಿಕೋಡ್ ಅದೇ ಜೋಡಣೆಯನ್ನು ಅನುಸರಿಸಿತು. ಅದರಲ್ಲಿ ‘ಲ’ 3250, ‘ಳ’ 3251, ‘ವ’ 3253, ‘ಹ’ 3257. ಬರಿಯ ಸಂಖ್ಯೆ ನೋಡಿ ಜೋಡಿಸಿದರೆ ನಮ್ಮ ಜಿಲ್ಲೆಯ ‘ಕಳಸ’ವು ‘ಕವಿ’ಗಿಂತ ಮೊದಲು ಬರುತ್ತದೆ, ಅಕಾರಾದಿಯಲ್ಲಾದರೋ ‘ಕಹಿ’ಯ ನಂತರ ಬರಬೇಕು.

ಗಣಕಭಾಷೆಗಳೂ ಹೀಗೆಯೇ. 1995ರಲ್ಲಿ ಬ್ರೆಂಡನ್ ಐಕ್ ಎಂಬವರು ಹತ್ತು ದಿನಗಳಲ್ಲಿ ಮೊದಲ ರೂಪ ಕೊಟ್ಟ ಜಾವಾಸ್ಕ್ರಿಪ್ಟ್, ಬೇರೆ ನಿಯಮ ಹೇಳದಿದ್ದರೆ ಇಂದಿಗೂ ಎಲ್ಲವನ್ನೂ ಅಕ್ಷರಗಳೆಂದೇ ಬಗೆದು ಜೋಡಿಸುತ್ತದೆ; ಅದರ ಲೆಕ್ಕದಲ್ಲಿ 9ಕ್ಕಿಂತ 10 ಮೊದಲು! ಅದನ್ನು ನಂಬಿ ಬರೆದ ಹಳೆಯ ಕಾರ್ಯಕ್ರಮಗಳು ಕೆಟ್ಟಾವೆಂಬ ಭಯದಿಂದ ಇಂಥವನ್ನು ಬದಲಾಯಿಸುವುದಿಲ್ಲ. ಆದರೆ ಆಯಾ ನುಡಿಯ ಕ್ರಮದಂತೆ ಹೋಲಿಸುವ ಸೌಲಭ್ಯದ ಪ್ರಮಾಣವು 2012ರಲ್ಲಿಯೇ ಆ ಭಾಷೆಗೆ ಬಂದಿದೆ. ಅದನ್ನು ಕೇಳಿ ಪಡೆಯಬೇಕು, ಅಷ್ಟೆ.

ಆದುದರಿಂದ ದೋಷ ಯಂತ್ರದ್ದೆನ್ನಲಾರೆ. ಅದು ಕೊಟ್ಟ ಸಾಲನ್ನೇ ಕನ್ನಡದ ಸಾಲೆಂದು ಒಪ್ಪಿ ಗೋಡೆಗೆ ಅಂಟಿಸುವ ನಮ್ಮ ಅಸಡ್ಡೆಯದು. ಇದು ಸಣ್ಣ ಮಾತೆಂದು ಕೆಲವು ಮಿತ್ರರು ನಗುತ್ತಾರೆ. ಬಲ್ಲವರಿಗೆ ಸಣ್ಣದೇ, ಬೆರಳಿಟ್ಟು ಓದುವವರಿಗೆ ಆ ಸಾಲೇ ದಾರಿ. ನಾಳೆ ಕಚೇರಿಗಳಲ್ಲಿ ಪಟ್ಟಿ ಬರೆಯುವವರು ನಾವೇ, ಸಹಪಾಠಿಗಳೇ. ಬರೆದ ಮೇಲೆ ‘ಳ’ ಎಲ್ಲಿ ಕುಳಿತಿದೆಯೆಂದು ಒಮ್ಮೆ ನೋಡೋಣ.

ನಮ್ಮ ಮನೆಯಲ್ಲಿ ಕಾಲೇಜು ಕಂಡವನು ನಾನೊಬ್ಬ. ನಾನಿದ್ದುದರಿಂದ ತಂದೆಯವರ ಹೆಸರು ಸಿಕ್ಕಿತು. ಆ ಗೋಡೆಯ ಮುಂದಿನಿಂದ ಇಲ್ಲವೆಂದುಕೊಂಡೇ ಹಿಂದಿರುಗಿದವರು ಇನ್ನೆಷ್ಟು ಮಂದಿಯೋ!