ಗುಟ್ಟು ಹುಟ್ಟಿಸಿದವರು ಯಾರು?

ಓಪನ್‌ಹೈಮರ್ ಸಿನಿಮಾ ನೋಡಿ ಬಂದ ರಾತ್ರಿ ಹಾಸ್ಟೆಲಿನ ಗೆಳೆಯನೊಬ್ಬ ಕೇಳಿದ: "ದೇಶದ ಗುಟ್ಟು ಕಾಯುವವನ ಖಾಸಗಿ ನಡತೆಯನ್ನು ಸರ್ಕಾರ ಕೆದಕಿದರೆ ತಪ್ಪೇನು? ಮುಚ್ಚಿಡಲು ಏನೂ ಇಲ್ಲದವನಿಗೆ ಭಯ ಯಾಕೆ?" ಆಗ ಉತ್ತರ ಹೊಳೆಯಲಿಲ್ಲ. ಈಗ ಹೇಳುತ್ತೇನೆ, ಆದರೆ ಓಪನ್‌ಹೈಮರನನ್ನು ಬಿಟ್ಟು ಫ್ರಾಂಕ್ ಕ್ಯಾಮೆನಿಯ ಕಥೆ ಹಿಡಿದು.

ಕ್ಯಾಮೆನಿ ಖಗೋಳಶಾಸ್ತ್ರಜ್ಞ. 1956ರಲ್ಲಿ ಹಾರ್ವರ್ಡ್‌ನಿಂದ ಪಿಎಚ್‌.ಡಿ., 1957ರಲ್ಲಿ ಅಮೆರಿಕದ ಸೇನೆಯ ನಕ್ಷೆ ವಿಭಾಗದಲ್ಲಿ ಕೆಲಸ. (ಪ್ರಬಂಧ ಮುಗಿದ ಮರುವರ್ಷವೇ ಕೆಲಸ! ನನ್ನಂಥವರಿಗೆ ಹೊಟ್ಟೆಕಿಚ್ಚು.) ಆ ವರ್ಷ ಕಳೆಯುವುದರೊಳಗೆ ಕೆಲಸ ಹೋಯಿತು. ಕಾಗದದ ಮೇಲಿನ ಕಾರಣ, ಹಿಂದೊಮ್ಮೆ ಬಂಧನವಾದ ವಿವರವನ್ನು ಅರ್ಜಿಯಲ್ಲಿ ಸರಿಯಾಗಿ ಬರೆದಿಲ್ಲ ಎಂಬುದು. ನಿಜವಾದ ಕಾರಣ, ಆತ ಸಲಿಂಗಿ. ಐಸೆನ್‌ಹೋವರ್ 1953ರಲ್ಲಿ ಹೊರಡಿಸಿದ 10450ನೇ ಆದೇಶ 'ಲೈಂಗಿಕ ವಿಕೃತಿ'ಯನ್ನು ಕುಡಿತ, ಮಾದಕವ್ಯಸನಗಳ ಸಾಲಿನಲ್ಲಿ ಕೂರಿಸಿತ್ತು.

ಸರ್ಕಾರದ ವಾದ ನೋಡಿ: ಸಲಿಂಗಿಗಳನ್ನು ಶತ್ರುಗಳು ಬೆದರಿಸಿ ಗುಟ್ಟು ಕಸಿಯಬಹುದು. ಸರಿ, ಬೆದರಿಸಲು ಶತ್ರುವಿನ ಕೈಯಲ್ಲಿದ್ದ ಅಸ್ತ್ರವಾದರೂ ಯಾವುದು? ವಿಷಯ ಹೊರಬಿದ್ದರೆ ಕೆಲಸ ಹೋಗುತ್ತದೆ ಎಂಬ ಭಯ. ಆ ಅಸ್ತ್ರವನ್ನು ಮಸೆದುಕೊಟ್ಟದ್ದು ಸರ್ಕಾರವೇ! ತಾನೇ ಬೆಂಕಿ ಹಚ್ಚಿ, ಹೊಗೆ ಕಂಡಿತೆಂದು ಮನೆಯವನನ್ನು ಹೊರಹಾಕಿದ ಹಾಗೆ. ಕ್ಯಾಮೆನಿಯಾದರೋ ಸುಪ್ರೀಂ ಕೋರ್ಟಿನವರೆಗೆ ಹೋದ. 1961ರಲ್ಲಿ ಅದು ಅರ್ಜಿ ಕೇಳಲೂ ಒಪ್ಪಲಿಲ್ಲ. 1965ರಲ್ಲಿ ಶ್ವೇತಭವನದ ಮುಂದೆಯೇ ಫಲಕ ಹಿಡಿದು ನಿಂತ. ಇಡೀ ಊರಿಗೆ ಗೊತ್ತಿರುವುದನ್ನು ಇಟ್ಟುಕೊಂಡು ಇಂಥವನನ್ನು ಯಾರು ಬೆದರಿಸಬಲ್ಲರು? ಭದ್ರತಾ ಅನುಮತಿ ಸಿಗದ ಇತರರ ಪರವಾಗಿಯೂ ಆತ ವಿಚಾರಣೆಗಳಲ್ಲಿ ವಾದಿಸಿದ.

ಹಾಗೆಂದು ನಡತೆಯನ್ನು ನೋಡಲೇಬಾರದು ಎನ್ನುವವನಲ್ಲ ನಾನು. ಅರ್ಜಿಯಲ್ಲಿ ಸುಳ್ಳು ಹೇಳುವವನ ಕೈಗೆ ಗುಪ್ತ ಕಡತ ಕೊಡಬೇಡಿ, ಒಪ್ಪುತ್ತೇನೆ. ಇಂದಿನ ಅಮೆರಿಕದ ಮಾರ್ಗಸೂಚಿಯಲ್ಲಿ 'ವೈಯಕ್ತಿಕ ನಡತೆ' ಎಂಬ ಭಾಗ ಮುಖ್ಯವಾಗಿ ಪ್ರಾಮಾಣಿಕತೆಯನ್ನೇ ಕೇಳುತ್ತದೆ. ಆದರೆ 'ಒತ್ತಡಕ್ಕೆ ಗುರಿಯಾಗಬಹುದಾದ ನಡತೆ' ಎಂಬ ಮಾತೂ ಅದೇ ಭಾಗದಲ್ಲಿದೆ. ಯಾವುದನ್ನು ಬಚ್ಚಿಡಬೇಕಾಗುತ್ತದೆ ಎಂಬುದನ್ನು ತೀರ್ಮಾನಿಸುವುದು ಅರ್ಜಿ ಬರೆದವನೋ, ಸುತ್ತಲಿನ ಸಮಾಜವೋ? ಸತ್ಯ ಬರೆದರೂ ಕೆಲಸ ಹೋಗುತ್ತದೆ, ಬರೆಯದಿದ್ದರೂ ಹೋಗುತ್ತದೆ ಎಂದಮೇಲೆ ಆ ಅರ್ಜಿ ಯಾರ ಪ್ರಾಮಾಣಿಕತೆಯನ್ನು ಅಳೆಯಿತು?

ಲೈಂಗಿಕ ಒಲವೊಂದನ್ನೇ ಕಾರಣವಾಗಿಟ್ಟು ಅನುಮಾನಿಸಬಾರದೆಂದು ಅಧ್ಯಕ್ಷರ ಆದೇಶ ಬಂದದ್ದು 1995ರಲ್ಲಿ. ಸರ್ಕಾರ ಕ್ಯಾಮೆನಿಯ ಕ್ಷಮೆ ಕೇಳಿದ್ದು 2009ರಲ್ಲಿ. ಆಗ ಆತನಿಗೆ 84 ವರ್ಷ. ಕ್ಷಮೆಯನ್ನು ಒಪ್ಪಿಕೊಂಡ. ನಕ್ಷತ್ರಗಳ ಕೆಲಸಕ್ಕೆ ಮಾತ್ರ ಮರಳಲಾಗಲೇ ಇಲ್ಲ.